ಆರ್ಗ್ಯಾನಿಕ್ ಅಂತ ನೀವೇ ಬರ್ದಿದ್ದೀರಲ್ಲ ಮೇಡಂ

ನಮ್ಮ ಲ್ಯಾಬಿನಲ್ಲಿ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ಡಿನ ಕೆಳಗೆ ಇಪ್ಪತ್ತು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನೊಂದು ಕೂತಿರುತ್ತದೆ. ಅಗಲ ಬಾಯಿ, ಮೇಲೊಂದು ಫನಲ್. ದಿನದ ಕೆಲಸ ಮುಗಿದ ಮೇಲೆ ಉಳಿಯುವ ಈಥೈಲ್ ಅಸಿಟೇಟ್, ಹೆಕ್ಸೇನ್, ಅಸಿಟೋನ್, ಟಾಲೂಯೀನ್ ಎಲ್ಲ ಅದರ ಹೊಟ್ಟೆಗೆ. ಕ್ಯಾನಿನ ಮೈಮೇಲೆ ದಪ್ಪ ಮಾರ್ಕರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ‘ಆರ್ಗ್ಯಾನಿಕ್ ವೇಸ್ಟ್’ ಅಂತ ಬರೆದವಳು ನಾನೇ. ವರ್ಷಗಳಿಂದ ಬರೆಯುತ್ತಲೇ ಇದ್ದೇನೆ. ಕ್ಯಾನ್ ತುಂಬುತ್ತದೆ, ಹೋಗುತ್ತದೆ, ಹೊಸ ಕ್ಯಾನ್ ಬರುತ್ತದೆ, ಮತ್ತೆ ಅದೇ ಎರಡು ಪದ.

ಒಂದು ಬೆಳಿಗ್ಗೆ ನೋಡಿದರೆ ಕ್ಯಾನಿನ ತಳದಲ್ಲಿ ಏನೋ ಕಪ್ಪಗೆ ಕಾಣುತ್ತಿದೆ. ಫನಲ್ ತೆಗೆದು ಬಗ್ಗಿ ನೋಡಿದೆ. ಬಾಳೆಹಣ್ಣಿನ ಸಿಪ್ಪೆ. ಪಕ್ಕದಲ್ಲಿ ಎರಡು ಟೀ ಬ್ಯಾಗು. ನೀರಾಗಿದ್ದರೆ ಸಿಪ್ಪೆ ಅಲ್ಲೇ ಮೇಲೆಮೇಲೆ ಆಡಿಕೊಂಡಿರುತ್ತಿತ್ತೋ ಏನೋ. ನಮ್ಮ ದ್ರಾವಕಗಳು ನೀರಿಗಿಂತ ಹಗುರ, ಹಾಗಾಗಿ ನೆಟ್ಟಗೆ ತಳ ಸೇರಿತ್ತು. ರಾತ್ರಿಯಿಡೀ ನೆನೆದು ಚರ್ಮದ ಹಳೇ ಪಟ್ಟಿಯ ಹಾಗೆ ಆಗಿತ್ತು.

ಹಾಕಿದವಳು ಹೊಸದಾಗಿ ಬಂದ ಕ್ಲೀನಿಂಗಿನ ಹುಡುಗಿ. ಸೇರಿ ಮೂರು ದಿನ. ಸೇರಿದ ದಿನವೇ ಅವಳನ್ನು ಕೂರಿಸಿ ಪಾಠ ಮಾಡಿದ್ದರು: ಹಸಿರು ಬುಟ್ಟಿ ಆರ್ಗ್ಯಾನಿಕ್, ನೀಲಿ ಬುಟ್ಟಿ ಒಣ ಕಸ. ಅವಳಿಗೆ ಇಂಗ್ಲಿಷ್ ಓದಲು ಚೆನ್ನಾಗಿಯೇ ಬರುತ್ತದೆ. ತೊಂದರೆ ಆದದ್ದೇ ಅದರಿಂದ.

“ಇದರೊಳಗೆ ಸಿಪ್ಪೆ ಹಾಕಿದ್ದು ಯಾರು?” ಅಂದೆ, ಕೊಂಚ ಜೋರಾಗಿಯೇ.

“ನಾನೇ. ಆರ್ಗ್ಯಾನಿಕ್ ಅಂತ ನೀವೇ ಬರ್ದಿದ್ದೀರಲ್ಲ ಮೇಡಂ?”

ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಅನಾಹುತವೇನೂ ಆಗಿರಲಿಲ್ಲ, ನಿಜ. ಆದರೆ ಅದೇ ತರ್ಕ ಹಿಡಿದು ಯಾರಾದರೂ ಈ ಕ್ಯಾನನ್ನು ಗೊಬ್ಬರದ ಗುಂಡಿಗೆ ಸುರಿದಿದ್ದರೆ? ನಿಯಮದಂತೆ ಘಟನೆಯ ಫಾರಂ ತುಂಬಬೇಕು. ಅದರಲ್ಲಿ ‘ಮೂಲ ಕಾರಣ’ ಅಂತ ಒಂದು ಕಾಲಂ ಇದೆ, ಎರಡೇ ಗೆರೆಯಷ್ಟು ಜಾಗ. ‘ಲೇಬಲ್ ಸ್ಪಷ್ಟವಾಗಿಲ್ಲ’ ಅಂತ ಬರೆದು ಸಹಿ ಹಾಕಿದೆ. ಪ್ರಾಮಾಣಿಕವಾಗಿ ಬರೆಯುವುದಾಗಿದ್ದರೆ ಗ್ರೀಕರಿಂದ ಶುರು ಮಾಡಬೇಕಿತ್ತು. ಎರಡು ಗೆರೆಯಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಸುಬಿನವರ ಬಾಯಲ್ಲಿ ಈ ಪದ ವಿಶೇಷಣವಾಗಿ ಉಳಿದೇ ಇಲ್ಲ ಅನ್ನಬಹುದು. “ಅವನು ಆರ್ಗ್ಯಾನಿಕ್, ನಾನು ಅನಲಿಟಿಕಲ್” ಅನ್ನುತ್ತೇವೆ, ಊರಿನ ಹೆಸರು ಹೇಳಿದ ಹಾಗೆ. “ಆರ್ಗ್ಯಾನಿಕ್ಸ್ ಎಲ್ಲ ಒಂದೇ ಫ್ಲಾಸ್ಕಿಗೆ ಸೇರಿಸಿ ಸೋಡಿಯಂ ಸಲ್ಫೇಟ್ ಹಾಕಿ ಒಣಗಿಸು” ಅನ್ನುತ್ತೇವೆ. ಇಲ್ಲಿ ಒಣಗಿಸುವುದು ಅಂದರೆ ದ್ರಾವಕದಲ್ಲಿ ಉಳಿದ ನೀರಿನಂಶ ತೆಗೆಯುವುದು; ಹೊರಗಿನವರಿಗೆ ಅದೂ ವಿಚಿತ್ರವಾಗಿಯೇ ಕೇಳಿಸುತ್ತದೆ, ದ್ರವವನ್ನು ಹೇಗೆ ಒಣಗಿಸುತ್ತೀರಿ ಅಂತ. ಸೆಪರೇಟಿಂಗ್ ಫನಲ್ಲಿನಲ್ಲಿ ಕುಲುಕಿ ನಿಲ್ಲಿಸಿದಾಗ ಎರಡು ಪದರ ಬೇರೆಯಾಗುತ್ತವಲ್ಲ, ಅದರಲ್ಲಿ ಒಂದು ‘ಆಕ್ವಿಯಸ್’, ಇನ್ನೊಂದು ‘ಆರ್ಗ್ಯಾನಿಕ್’. ಅಂದರೆ ನೀರಿನದೊಂದು, ನೀರಿನೊಡನೆ ಸೇರದ್ದು ಇನ್ನೊಂದು. ಲ್ಯಾಬಿನಲ್ಲಿ ಆ ಪದಕ್ಕೆ ಬಹಳ ಸಲ ಇರುವುದು ಅಷ್ಟೇ ಅರ್ಥ.

ಆ ಪದರ ಮೇಲಿರುತ್ತದೋ ಕೆಳಗಿರುತ್ತದೋ ಅನ್ನುವುದು ದ್ರಾವಕದ ತೂಕಕ್ಕೆ ಬಿಟ್ಟದ್ದು. ನೀರಿನ ಸಾಂದ್ರತೆ 1. ಈಥೈಲ್ ಅಸಿಟೇಟಿನದು 0.90, ಹಾಗಾಗಿ ಮೇಲೆ. ಡೈಕ್ಲೋರೋಮೀಥೇನಿನದು 1.33, ಹಾಗಾಗಿ ಕೆಳಗೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ‘ಆರ್ಗ್ಯಾನಿಕ್ ಯಾವಾಗಲೂ ಮೇಲೆ’ ಅಂತ ಕೈಗೆ ಅಭ್ಯಾಸ ಬಿದ್ದುಹೋಗಿ, ಡೈಕ್ಲೋರೋಮೀಥೇನಿನ ಪದರವನ್ನು ನೀರೆಂದುಕೊಂಡು ಚೆಲ್ಲಿದ್ದೇನೆ. ನಾಲ್ಕು ದಿನದ ಕೆಲಸ. ಅವತ್ತಿನಿಂದ ಎರಡೂ ಪದರಗಳನ್ನು ಕೊನೆಯವರೆಗೂ ಇಟ್ಟುಕೊಳ್ಳುತ್ತೇನೆ, ಮತ್ತು ಅನುಮಾನ ಬಂದರೆ ಒಂದು ಹನಿ ನೀರು ಬಿಟ್ಟು ಅದು ಎಲ್ಲಿ ಹೋಗಿ ಸೇರುತ್ತದೆ ಅಂತ ನೋಡುತ್ತೇನೆ.

ಆದರೆ ಈ ಪದ ನನಗೆ ಮೊದಲು ಸಿಕ್ಕಿದ್ದು ಇಂಗ್ಲಿಷಿನಲ್ಲಲ್ಲ. ಹೈಸ್ಕೂಲು ಕನ್ನಡದಲ್ಲಿ ಓದಿದವಳು ನಾನು. ನಮಗದು ‘ಸಾವಯವ’. ಸ ಮತ್ತು ಅವಯವ, ಸವರ್ಣದೀರ್ಘ ಸಂಧಿ. ವಿಜ್ಞಾನದ ಮೇಷ್ಟರು ಹೇಳುವ ಮೊದಲೇ ಕನ್ನಡ ಮೇಷ್ಟರ ಪುಣ್ಯದಿಂದ ಬಿಡಿಸಲು ಬರುತ್ತಿತ್ತು. ಅವಯವ ಅಂದರೆ ಕೈ, ಕಾಲು, ಕಣ್ಣು, ಕಿವಿ. ಅವಯವ ಸಹಿತವಾದದ್ದು ಸಾವಯವ. ಸರಿ, ಆದರೆ ಪುಸ್ತಕದಲ್ಲಿ ಮೊದಲ ಸಾವಯವ ಸಂಯುಕ್ತ ಅಂತ ಕೊಟ್ಟಿದ್ದು ಮೀಥೇನ್. ಮೀಥೇನಿಗೆ ಎಲ್ಲಿಯ ಕೈಕಾಲು? ಕೇಳಿದ್ದೆ ಕೂಡ. “ಅದು ಹಾಗೇ. ಇಂಗಾಲ ಇದ್ದರೆ ಸಾವಯವ ಅಂತ ಬರಕೋ” ಅಂದರು. ಬರಕೊಂಡೆ. ಮೀಥೇನಿಗೆ ನಾಲ್ಕು ಬಂಧಗಳಿವೆಯಲ್ಲ, ಅವೇ ಅದರ ಕೈಕಾಲು ಇರಬೇಕು ಅಂತ ನನ್ನಷ್ಟಕ್ಕೆ ನಾನೇ ಸಮಾಧಾನ ಮಾಡಿಕೊಂಡಿದ್ದೂ ನೆನಪಿದೆ. ತಪ್ಪು, ಆದರೆ ಚೆಂದದ ತಪ್ಪು.

ಮೇಷ್ಟರದ್ದೂ ತಪ್ಪಲ್ಲ. ಸಾವಯವ ಅನ್ನುವುದು ‘ಆರ್ಗ್ಯಾನಿಕ್’ ಪದದ ಅಚ್ಚು ಅನುವಾದ. ಆರ್ಗನ್ ಅಂದರೆ ಅವಯವ, ಅದಕ್ಕೊಂದು ‘ಇಕ್’ ಸೇರಿದರೆ ವಿಶೇಷಣ. ಹಾಗಾಗಿ ಮೂಲದಲ್ಲಿದ್ದ ಗೊಂದಲ ಒಂಚೂರೂ ಚೆಲ್ಲದೆ ಕನ್ನಡಕ್ಕೂ ಬಂದುಬಿಟ್ಟಿದೆ.

ಇನ್ನೂ ಹಿಂದಕ್ಕೆ ಹೋದರೆ ಗ್ರೀಕಿನ ‘ಆರ್ಗನಾನ್’. ಅದರ ಅರ್ಥ ಅವಯವ ಅಲ್ಲ, ಉಪಕರಣ, ಸಾಧನ. ಕೆಲಸ ಅನ್ನುವ ಅರ್ಥದ ‘ಎರ್ಗಾನ್’ ಪದದ ಒಡಹುಟ್ಟು. ಇಂಗ್ಲಿಷಿನ ‘ವರ್ಕ್’ ಇದರ ದೂರದ ದಾಯಾದಿ. ‘ಎನರ್ಜಿ’ಯಲ್ಲೂ ಅದೇ ಇದೆ, ಕೈಕೆಲಸದವನು ಅಂತ ಅರ್ಥವಿದ್ದ ‘ಸರ್ಜನ್’ ಪದದಲ್ಲೂ ಅದೇ ಇದೆ. ಉಳಿ, ಸುತ್ತಿಗೆ, ವಾದ್ಯ ಎಲ್ಲವೂ ಆರ್ಗನಾನೇ. ಚರ್ಚಿನಲ್ಲಿ ನುಡಿಸುವ ವಾದ್ಯಕ್ಕೂ ಹೊಟ್ಟೆಯೊಳಗಿನ ಪಿತ್ತಜನಕಾಂಗಕ್ಕೂ ಇಂಗ್ಲಿಷಿನಲ್ಲಿ ಒಂದೇ ಹೆಸರು ಬಂದದ್ದು ಹೀಗೆ. ಕಣ್ಣು ನೋಡುವ ಸಾಧನ, ಕೈ ಹಿಡಿಯುವ ಸಾಧನ ಅಂತ ಅರಿಸ್ಟಾಟಲ್ ದೇಹವನ್ನು ವಿವರಿಸಿದ. ದೇಹದ ಭಾಗಕ್ಕೆ ಆ ಪದ ಅಂಟಿಕೊಂಡಿತು.

ಇದನ್ನು ಓದಿದ ದಿನ ನನಗೆ ಹೊಳೆದದ್ದು ನಮ್ಮ ‘ಕರಣ’. ಮೂರನೆಯ ವಿಭಕ್ತಿ ಯಾವ ಅರ್ಥದಲ್ಲಿ ಅಂದರೆ ಕರಣಾರ್ಥದಲ್ಲಿ ಅಂತ ಬಾಯಿಪಾಠ ಮಾಡಿದ್ದೆವಲ್ಲ. ಕೊಡಲಿಯಿಂದ ಮರ ಕಡಿದನು, ಕೊಡಲಿ ಕರಣ. ಉಪಕರಣ ಅನ್ನುವುದರಲ್ಲೂ ಇದೇ ಇದೆ. ಆದರೆ ಕರಣ ಅಂದರೆ ಇಂದ್ರಿಯ ಅಂತಲೂ ಅರ್ಥ. ತ್ರಿಕರಣಪೂರ್ವಕ ಅನ್ನುವಾಗ ಮನಸ್ಸು, ಮಾತು, ಕಾಯ. ಒಳಗಿನದು ಅಂತಃಕರಣ. ಉಪಕರಣ ಮತ್ತು ಅಂತಃಕರಣ ಎರಡನ್ನೂ ಒಂದೇ ಬೇರಿನಲ್ಲಿ ಹಿಡಿದಿರುವ ಪದ ನಮ್ಮಲ್ಲೇ ಇತ್ತು, ಗ್ರೀಕರ ಆರ್ಗನಾನಿಗೆ ಅವಳಿಜವಳಿಯ ಹಾಗೆ. ಅನುವಾದಕರು ಅದನ್ನು ಬಿಟ್ಟು ಅವಯವ ಹಿಡಿದರು. ಆ ಕಡೆ ಮರಾಠಿಯವರು ‘ಸೇಂದ್ರಿಯ’ ಅಂದರು, ಇಂದ್ರಿಯ ಸಹಿತ. ಹತ್ತಿರ ಹತ್ತಿರ ಬಂದಿದ್ದಾರೆ ಅನ್ನಿಸುತ್ತದೆ.

ಅವಯವದ ಪರವಾಗಿಯೂ ಒಂದು ಮಾತಿದೆ. ಅರಿಸ್ಟಾಟಲನ ತರ್ಕಗ್ರಂಥಗಳನ್ನೆಲ್ಲ ಒಟ್ಟು ಸೇರಿಸಿ ಹಿಂದಿನವರು ಇಟ್ಟ ಹೆಸರು ‘ಆರ್ಗನಾನ್’, ಯೋಚನೆಯ ಸಾಧನ ಅಂತ. ಅದಕ್ಕೆ ಎದುರಾಗಿ ಫ್ರಾನ್ಸಿಸ್ ಬೇಕನ್ 1620ರಲ್ಲಿ ‘ನೋವಮ್ ಆರ್ಗನಮ್’ ಬರೆದ. ಇತ್ತ ನಮ್ಮ ನ್ಯಾಯಶಾಸ್ತ್ರದಲ್ಲಿ ವಾದಕ್ಕೆ ಐದು ಅವಯವಗಳು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಎರಡು ಭಾಷೆಗಳಲ್ಲಿ ದೇಹದ ಪದ ತರ್ಕಕ್ಕೆ ಹೋಗಿ ಕೂತಿದೆ, ಒಬ್ಬರನ್ನೊಬ್ಬರು ಕೇಳದೆ.

ಇಂಗ್ಲಿಷಿನಲ್ಲಿ ವಿಶೇಷಣದ ಹಳೆಯ ಅರ್ಥವೂ ‘ಸಾಧನವಾಗಿ ಬಳಸಿದ’ ಅಂತಲೇ. 1667ರ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದಲ್ಲಿ ಸೈತಾನ ಮೊದಲ ಹೆಣ್ಣು ಈವ್‌ಳೊಡನೆ ಮಾತಾಡುವುದು ಹಾವಿನ ನಾಲಗೆಯನ್ನು ಸಾಧನ ಮಾಡಿಕೊಂಡು, ಮಿಲ್ಟನ್ ಆ ನಾಲಗೆಗೆ ಇಟ್ಟ ವಿಶೇಷಣ ‘ಆರ್ಗ್ಯಾನಿಕ್’. ಇವತ್ತಿನವರು ಓದಿದರೆ ರಾಸಾಯನಿಕ ಸಿಂಪಡಿಸದೆ ಬೆಳೆದ ನಾಲಗೆ ಅಂದುಕೊಂಡಾರು.

ರಸಾಯನಶಾಸ್ತ್ರದೊಳಗೆ ಈ ಪದ ನುಗ್ಗಿದ್ದು ತಡವಾಗಿ. 1675ರಲ್ಲಿ ಫ್ರಾನ್ಸಿನ ನಿಕೋಲಾ ಲೆಮರಿ ತನ್ನ ಪಠ್ಯದಲ್ಲಿ ವಸ್ತುಗಳನ್ನು ಖನಿಜ, ಸಸ್ಯ, ಪ್ರಾಣಿ ಅಂತ ಮೂರು ಪಾಲು ಮಾಡಿದ್ದ. ಸಸ್ಯ ಮತ್ತು ಪ್ರಾಣಿಗಳಿಂದ ಬಂದವಕ್ಕೆ ಒಂದೇ ಗುಣ ಇದೆ, ಖನಿಜಗಳದ್ದೇ ಬೇರೆ ಅನ್ನುವುದು ನಿಧಾನವಾಗಿ ಕಂಡಿತು. ಸಕ್ಕರೆ ಕಾಯಿಸಿದರೆ ಕರಕಲಾಗುತ್ತದೆ, ಮತ್ತೆ ಸಕ್ಕರೆ ಆಗುವುದಿಲ್ಲ. ಉಪ್ಪು ಕಾಯಿಸಿ ಕರಗಿಸಿ ತಣಿಸಿದರೆ ಮತ್ತೆ ಉಪ್ಪೇ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಈ ಸಕ್ಕರೆಯ ಕಡೆಯದ್ದಕ್ಕೆ ‘ಆರ್ಗ್ಯಾನಿಕ್ ಕೆಮಿಸ್ಟ್ರಿ’ ಅನ್ನುವ ಹೆಸರನ್ನು ಗಟ್ಟಿ ಮಾಡಿದ. ಅವಯವಗಳಿರುವ ಜೀವಿಗಳ ರಸಾಯನ, ಅಷ್ಟೇ ಅರ್ಥ. ಹೆಸರಿಡುವುದರಲ್ಲಿ ಈ ಮನುಷ್ಯ ನಿಸ್ಸೀಮ. ಐಸೊಮರ್, ಪಾಲಿಮರ್, ಕೆಟಾಲಿಸಿಸ್, ಎಲ್ಲ ಅವನದೇ. ಪ್ರೋಟೀನ್ ಅನ್ನುವ ಹೆಸರನ್ನು ಸೂಚಿಸಿದವನೂ ಅವನೇ.

ಹೆಸರಿನ ಹಿಂದೆ ಒಂದು ನಂಬಿಕೆಯೂ ಇತ್ತು. ಜೀವಿಯ ಅವಯವದೊಳಗೆ ಏನೋ ಒಂದು ಜೀವಶಕ್ತಿ ಇದೆ, ಈ ಪದಾರ್ಥಗಳು ತಯಾರಾಗಲು ಅದೇ ಬೇಕು, ಗಾಜಿನ ಪಾತ್ರೆಯಲ್ಲಿ ಆಗುವ ಮಾತಲ್ಲ ಅಂತ. ಹಾಗಾಗಿ ‘ಆರ್ಗ್ಯಾನಿಕ್’ ಆಗ ಬರೀ ವಿಂಗಡಣೆಯಲ್ಲ, ಒಂದು ವಾದ. ಈ ವಸ್ತುವಿಗೆ ಹುಟ್ಟಲು ಒಂದು ಮೂತ್ರಪಿಂಡವೋ ಎಲೆಯೋ ಬೇಕು ಅನ್ನುವ ವಾದ.

ಮೂತ್ರಪಿಂಡ ಅಂದದ್ದು ಬೇಕೆಂದೇ. 1828ರ ಫೆಬ್ರವರಿಯಲ್ಲಿ ಬರ್ಲಿನ್ನಿನಿಂದ ಫ್ರೆಡ್ರಿಕ್ ವೋಲರ್ ತನ್ನ ಗುರು ಬರ್ಜೀಲಿಯಸ್‌ಗೆ ಕಾಗದ ಬರೆದ: ಮನುಷ್ಯನದಾಗಲಿ ನಾಯಿಯದಾಗಲಿ ಮೂತ್ರಪಿಂಡವೇ ಇಲ್ಲದೆ ಯೂರಿಯಾ ಮಾಡಬಲ್ಲೆ ಅಂತ. ಅವನು ಮಾಡಲು ಹೊರಟಿದ್ದು ಅಮೋನಿಯಂ ಸಯನೇಟ್. ಅದಕ್ಕಾಗಿ ಸಿಲ್ವರ್ ಸಯನೇಟಿಗೆ ಅಮೋನಿಯಂ ಕ್ಲೋರೈಡ್ ಬೆರೆಸಿದ, ಲೆಡ್ ಸಯನೇಟಿಗೆ ಅಮೋನಿಯಾ ಬೆರೆಸಿ ನೋಡಿದ. ದ್ರಾವಣ ಆವಿಯಾದ ಮೇಲೆ ಸಿಕ್ಕಿದ ಬಿಳಿ ಹರಳು ಸಯನೇಟಿನ ಹಾಗೆ ವರ್ತಿಸಲೇ ಇಲ್ಲ. ಮೂತ್ರದಿಂದ ಬೇರ್ಪಡಿಸಿದ ಯೂರಿಯಾದ ಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ. ಅಮೋನಿಯಂ ಸಯನೇಟಿನಲ್ಲಿ ಇರುವುದು ಒಂದು ಇಂಗಾಲ, ಒಂದು ಆಮ್ಲಜನಕ, ಎರಡು ಸಾರಜನಕ, ನಾಲ್ಕು ಜಲಜನಕ. ಯೂರಿಯಾದಲ್ಲೂ ಅಷ್ಟೇ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಜೋಡಣೆ ಮಾತ್ರ ಬೇರೆ. ಬರ್ಜೀಲಿಯಸ್ ‘ಐಸೊಮರ್’ ಅಂತ ಹೆಸರಿಟ್ಟದ್ದು ಇಂಥ ಜೋಡಿಗಳನ್ನು ಕಂಡೇ.

ಪಠ್ಯಪುಸ್ತಕಗಳಲ್ಲಿ ಇಲ್ಲಿಗೆ ಜೀವಶಕ್ತಿ ಸತ್ತು ಪರದೆ ಬೀಳುತ್ತದೆ. ನಾನೂ ಟ್ರೇನಿಗಳಿಗೆ ಹಾಗೇ ಹೇಳಿಕೊಂಡು ಬಂದಿದ್ದೆ. ಅಷ್ಟು ಸಲೀಸಾಗಿ ಆಗಿಲ್ಲ. ಆ ಕಾಗದದಲ್ಲೇ ವೋಲರ್ ಸ್ವತಃ ಅನುಮಾನ ಎತ್ತುತ್ತಾನೆ: ಸಯನೇಟ್ ಮಾಡಲು ಮೊದಲು ಬೇಕಾಗುವ ಪದಾರ್ಥವೇ ಪ್ರಾಣಿಮೂಲದ್ದಲ್ಲವೇ, ತತ್ವಶಾಸ್ತ್ರದವರು ಜೀವಶಕ್ತಿ ಅದರೊಳಗೇ ಉಳಿದಿತ್ತು ಅನ್ನಬಹುದಲ್ಲವೇ ಅಂತ. ಅನುಮಾನ ಸರಿಯಾದದ್ದೇ. ಆ ಕಾಲದಲ್ಲಿ ಸಯನೈಡ್ ಲವಣಗಳನ್ನು ತಯಾರಿಸುತ್ತಿದ್ದದ್ದು ರಕ್ತ, ಕೊಂಬು, ಗೊರಸುಗಳನ್ನು ಪೊಟ್ಯಾಷ್ ಜೊತೆ ಸುಟ್ಟು. ಮೂತ್ರಪಿಂಡ ಬೇಡವಾಗಿತ್ತು, ಗೊರಸು ಬೇಕಾಗಿತ್ತು. ವೋಲರನ ಒಂದೇ ಪ್ರಯೋಗ ಜೀವಶಕ್ತಿವಾದವನ್ನು ಕೆಡವಿತು ಅನ್ನುವುದು ರಸಾಯನಶಾಸ್ತ್ರಜ್ಞರು ಕಟ್ಟಿಕೊಂಡ ಐತಿಹ್ಯ ಅಂತ ವಿಜ್ಞಾನದ ಇತಿಹಾಸಕಾರ ಡಗ್ಲಸ್ ಮ್ಯಾಕೀ 1944ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ. 1845ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಕೋಲ್ಬೆ ಜೀವಿಯ ಸಂಬಂಧವೇ ಇಲ್ಲದ ವಸ್ತುಗಳಿಂದ ಹೊರಟು ಅಸಿಟಿಕ್ ಆಮ್ಲಕ್ಕೆ ಬಂದು ಮುಟ್ಟಿದ, ಆಮೇಲೆ ಫ್ರಾನ್ಸಿನ ಬರ್ತೆಲೋ ಒಂದರ ಹಿಂದೊಂದು ಮಾಡುತ್ತ ಹೋದ. ಜೀವಶಕ್ತಿ ಒಂದೇ ಏಟಿಗೆ ಬೀಳಲಿಲ್ಲ, ವರ್ಷಗಟ್ಟಲೆ ಸವೆಯಿತು.

ಇಲ್ಲಿ ನನಗೆ ಕುತೂಹಲ ಇರುವುದು ಪದದ ಬಗ್ಗೆ. ವಾದ ಬಿದ್ದುಹೋಯಿತು; ವಾದಕ್ಕಾಗಿಯೇ ಹುಟ್ಟಿದ ವಿಶೇಷಣ ಏನಾಗಬೇಕಿತ್ತು? ಅದೂ ಹೋಗಬೇಕಿತ್ತು. ಹೋಗಲಿಲ್ಲ. ಅಷ್ಟು ಹೊತ್ತಿಗೆ ಪುಸ್ತಕ, ಪೀಠ, ಪ್ರೊಫೆಸರು ಎಲ್ಲ ಆ ಹೆಸರಿನಲ್ಲಿ ಆಗಿಬಿಟ್ಟಿದ್ದವು. ಮನೆ ಕಟ್ಟಿದ ಕಾರಣ ಹೋದರೂ ಮನೆ ಉಳಿಯಿತು, ಹೊಸ ಬಾಡಿಗೆದಾರ ಬಂದ. ಆ ಬಾಡಿಗೆದಾರ ಇಂಗಾಲ. ಜರ್ಮನಿಯ ರಸಾಯನಶಾಸ್ತ್ರಜ್ಞರಾದ ಗ್ಮೆಲಿನ್ 1848ರಲ್ಲಿ, ಕೆಕುಲೆ ಹತ್ತು ಹನ್ನೆರಡು ವರ್ಷದ ಮೇಲೆ, ಆರ್ಗ್ಯಾನಿಕ್ ಕೆಮಿಸ್ಟ್ರಿ ಅಂದರೆ ಇಂಗಾಲದ ಸಂಯುಕ್ತಗಳ ರಸಾಯನ ಅಂತ ಬರೆದರು. ನನ್ನ ಮೇಷ್ಟರು ‘ಬರಕೋ’ ಅಂದ ವಾಕ್ಯ ಇದೇ.

ಅದಾದರೂ ನೆಟ್ಟಗಿದೆಯೇ? ಕಾರ್ಬನ್ ಡೈಆಕ್ಸೈಡಿನಲ್ಲಿ ಇಂಗಾಲ ಇದೆ, ಅದು ಸಾವಯವ ಅಲ್ಲ. ಸುಣ್ಣದ ಕಲ್ಲಿನಲ್ಲಿದೆ, ಅಲ್ಲ. ಸಯನೈಡಿನಲ್ಲಿದೆ, ಅಲ್ಲ. ವಜ್ರ ಬರೀ ಇಂಗಾಲವೇ, ಅದೂ ಅಲ್ಲ. ಯಾಕೆ ಅಂದರೆ ಇವು ಹಳೇ ವಿಂಗಡಣೆಯಲ್ಲಿ ಖನಿಜದ ಕಡೆ ಇದ್ದವು, ಹಾಗೇ ಬಿಟ್ಟರು. ವ್ಯಾಖ್ಯೆಯನ್ನು ಬದಲಾಯಿಸಿದವರು ಪಟ್ಟಿಯನ್ನು ಬದಲಾಯಿಸಲಿಲ್ಲ.

ಈ ಒಡಕನ್ನು ದಿನಾ ಕಣ್ಣಾರೆ ನೋಡುವ ಕೆಲಸ ನನ್ನದು. ಔಷಧಕ್ಕೆ ಬಳಸುವ ಶುದ್ಧ ನೀರಿನಲ್ಲಿ ‘ಟೋಟಲ್ ಆರ್ಗ್ಯಾನಿಕ್ ಕಾರ್ಬನ್’ ಎಷ್ಟಿದೆ ಅಂತ ಅಳೆಯಬೇಕು. ಮಿತಿ ಲೀಟರಿಗೆ ಅರ್ಧ ಮಿಲಿಗ್ರಾಂ. ಯಂತ್ರ ಇಂಗಾಲವನ್ನು ನೋಡುತ್ತದೆಯೇ ಹೊರತು ಸಾವಯವವೋ ನಿರವಯವವೋ ಅಂತ ಅದಕ್ಕೆ ತಿಳಿಯದು. ಅದಕ್ಕೆ ನಾವು ಬಳಸುವ ಒಂದು ಉಪಾಯ ಹೀಗೆ. ಮೊದಲು ನೀರಿಗೆ ಆಮ್ಲ ಹಾಕುತ್ತೇವೆ. ಕಾರ್ಬೊನೇಟ್, ಬೈಕಾರ್ಬೊನೇಟ್ ಏನಿದ್ದರೂ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಒಳಗೆ ಅನಿಲ ಹಾಯಿಸಿದರೆ ಗುಳುಗುಳು ಗುಳ್ಳೆಗಳ ಜೊತೆ ಅದು ಹೊರಟುಹೋಗುತ್ತದೆ. ಇದು ‘ಇನಾರ್ಗ್ಯಾನಿಕ್ ಕಾರ್ಬನ್’. ಆಮೇಲೆ ಉಳಿದದ್ದನ್ನು ಉತ್ಕರ್ಷಿಸಿ ಮತ್ತೆ ಕಾರ್ಬನ್ ಡೈಆಕ್ಸೈಡ್ ಮಾಡಿ ಅಳೆಯುತ್ತೇವೆ. ಇದು ‘ಆರ್ಗ್ಯಾನಿಕ್’. ಎರಡೂ ಕಡೆ ಕೊನೆಗೆ ಬರುವುದು ಅದೇ ಅನಿಲ. ಮೊದಲ ಸುತ್ತಿನಲ್ಲಿ ಹೋದದ್ದು ನಿರವಯವ, ಎರಡನೇ ಸುತ್ತಿಗೆ ಉಳಿದದ್ದು ಸಾವಯವ. ಗ್ರೀಸಿನಿಂದ ಹೊರಟ ಪದ ನನ್ನ ಮೇಜಿಗೆ ಬರುವ ಹೊತ್ತಿಗೆ ಆಗಿರುವುದು ಇಷ್ಟು: ಆಮ್ಲ ಹಾಕಿ ಊದಿದಾಗ ಹಾರಿಹೋಗದ್ದು.

ಈಗ ಹಸಿರು ಬುಟ್ಟಿಯ ಕಡೆಗೆ.

ಮೊದಲು ನನ್ನ ಒಂದು ದುರಭ್ಯಾಸ ಒಪ್ಪಿಕೊಳ್ಳಬೇಕು. ಯಾರಾದರೂ ನನ್ನೆದುರು ‘ಆರ್ಗ್ಯಾನಿಕ್’ ತರಕಾರಿ ಅಂದರೆ ಬಾಯಿ ತುರಿಸುತ್ತಿತ್ತು. “ತರಕಾರಿ ಎಲ್ಲವೂ ಆರ್ಗ್ಯಾನಿಕ್ಕೇ ರೀ, ಪೆಟ್ರೋಲ್ ಕೂಡ ಆರ್ಗ್ಯಾನಿಕ್” ಅಂತ ಹೇಳಿ ಎದುರಿನವರ ಮುಖ ನೋಡುವುದು. ರಸಾಯನಶಾಸ್ತ್ರ ಓದಿದವರಲ್ಲಿ ಈ ಕಾಯಿಲೆ ಸಾಮಾನ್ಯ. ಹೇಳಿಕೊಳ್ಳಲು ಸಾಮಗ್ರಿಯೂ ಭರ್ಜರಿಯಾಗಿದೆ. ಡಿಡಿಟಿ ಅಪ್ಪಟ ಆರ್ಗ್ಯಾನಿಕ್ ಸಂಯುಕ್ತ. ಅದರ ಕೀಟನಾಶಕ ಗುಣ ಕಂಡುಹಿಡಿದ ಪಾಲ್ ಮುಲ್ಲರ್‌ಗೆ 1948ರ ನೊಬೆಲ್. ಆರ್ಗ್ಯಾನಿಕ್ ಬೇಸಾಯದಲ್ಲಿ ಅದು ನಿಷಿದ್ಧ. ವೋಲರನ ಯೂರಿಯಾ, ಆರ್ಗ್ಯಾನಿಕ್ ಕೆಮಿಸ್ಟ್ರಿಯ ಕುಲದೇವತೆ ಅನ್ನಬಹುದಾದದ್ದು, ಕಾರ್ಖಾನೆಯಿಂದ ಬಂದರೆ ಅದೂ ನಿಷಿದ್ಧ. ತಾಮ್ರದ ಲವಣವಾದ ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಬೆಳೆಯ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ, ಎರಡೂ ಶುದ್ಧ ನಿರವಯವ ವಸ್ತುಗಳು, ಮಿತಿಯೊಳಗೆ ಸಮ್ಮತ. ಯುರೋಪಿನ ನಿಯಮದಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ. ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರೆ ಎದುರಿನವರು ಸುಮ್ಮನಾಗುತ್ತಿದ್ದರು. ಒಪ್ಪಿ ಸುಮ್ಮನಾದದ್ದಲ್ಲ ಅಂತ ಈಗ ಅರ್ಥವಾಗುತ್ತದೆ.

ಯಾಕೆಂದರೆ ಬೇಸಾಯದವರು ಈ ಪದವನ್ನು ನಮ್ಮಿಂದ ತೆಗೆದುಕೊಂಡೇ ಇಲ್ಲ. 1940ರಲ್ಲಿ ಇಂಗ್ಲೆಂಡಿನ ಲಾರ್ಡ್ ನಾರ್ಥ್‌ಬೋರ್ನ್ ‘ಲುಕ್ ಟು ದ ಲ್ಯಾಂಡ್’ ಅನ್ನುವ ಪುಸ್ತಕದಲ್ಲಿ ಈ ಬಗೆಯ ಬೇಸಾಯದ ಮಾತೆತ್ತಿದಾಗ ಅವನ ತಲೆಯಲ್ಲಿ ಇಂಗಾಲ ಇರಲಿಲ್ಲ. ಹೊಲ ಅನ್ನುವುದೇ ಒಂದು ಜೀವಿ, ಮಣ್ಣು, ಗಿಡ, ದನ, ಮನುಷ್ಯ ಅದರ ಅವಯವಗಳು, ಒಂದಕ್ಕೊಂದು ದುಡಿದು ಇಡೀ ದೇಹ ನಿಲ್ಲಬೇಕು ಅಂತ ಅವನ ಆಲೋಚನೆ. 1942ರಲ್ಲಿ ಅಮೆರಿಕದ ಪ್ರಕಾಶಕ ರೋಡೇಲ್ ಆ ವಿಶೇಷಣವನ್ನು ಪತ್ರಿಕೆಯ ಹೆಸರಿನಲ್ಲೇ ಹಾಕಿಕೊಂಡ. ಬಿಡಿ ಭಾಗಗಳು ಕೂಡಿ ಒಂದು ಜೀವಂತ ಇಡಿ ಆಗುವುದಕ್ಕೆ ‘ಆರ್ಗ್ಯಾನಿಕ್’ ಅನ್ನುವುದು ಇಂಗ್ಲಿಷಿನಲ್ಲಿ ಅದಕ್ಕೂ ಹಳೆಯದು. ಕವಿತೆಯ ರೂಪ ಹೊರಗಿನಿಂದ ಅಚ್ಚೊತ್ತಿದ್ದಲ್ಲ, ಒಳಗಿನಿಂದ ಬೆಳೆದದ್ದು ಅನ್ನಲು ಇಂಗ್ಲಿಷ್ ಕವಿ ಕೋಲ್‌ರಿಜ್ ಬಳಸಿದ್ದೂ ಇದನ್ನೇ. ಅಂದರೆ ಅರಿಸ್ಟಾಟಲನ ಅವಯವದಿಂದ ನೇರ ಬಂದ ದಾರಿ ಅವರದು. ಇಂಗಾಲ ಅಂತ ಅರ್ಥ ತಿರುಗಿಸಿದವರು ನಾವು. ಪದ ಕದ್ದವರೇ ಮನೆಯವರನ್ನು ಹಿಡಿದು ಕಳ್ಳ ಅಂದ ಹಾಗಾಯಿತು ನನ್ನ ಪೆಟ್ರೋಲ್ ಜೋಕು.

ಡಾಕ್ಟರುಗಳೂ ಹಳೇ ದಾರಿಯಲ್ಲೇ ಇದ್ದಾರೆ. “ಆರ್ಗ್ಯಾನಿಕ್ ಆಗಿ ಏನೂ ತೊಂದರೆ ಇಲ್ಲ” ಅಂದರೆ ಅಂಗದಲ್ಲಿ ಕಣ್ಣಿಗೆ ಕಾಣುವ ಹಾನಿ ಇಲ್ಲ ಅಂತ. ನಮ್ಮ ಅರ್ಥ ಹಚ್ಚಿ ಓದಿದರೆ ನಿಮ್ಮೊಳಗೆ ಇಂಗಾಲದ ತೊಂದರೆ ಇಲ್ಲ ಅಂತಾಗುತ್ತದೆ. ಇನ್ನು ಕಂಪನಿಯ ‘ಆರ್ಗ್ಯಾನಿಕ್ ಗ್ರೋಥ್’, ಜಾಹೀರಾತಿಗೆ ದುಡ್ಡು ಕೊಡದೆ ಬಂದ ‘ಆರ್ಗ್ಯಾನಿಕ್ ರೀಚ್’, ಇವೆಲ್ಲ ‘ತಾನಾಗಿ ಬೆಳೆದದ್ದು’ ಅನ್ನುವ ಅರ್ಥದ ಮೊಮ್ಮಕ್ಕಳು. ಅವುಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನೀವು ಇದನ್ನು ಓಎಲ್‌ಇಡಿ ಪರದೆಯಲ್ಲಿ ಓದುತ್ತಿದ್ದರೆ ಮಾತ್ರ ಆ ‘ಓ’, ಅಂದರೆ ಆರ್ಗ್ಯಾನಿಕ್, ನಮ್ಮದು. 1987ರಲ್ಲಿ ಕೊಡಾಕ್ ಕಂಪನಿಯ ಟಾಂಗ್ ಮತ್ತು ವಾನ್‌ಸ್ಲೈಕ್ ಇಂಗಾಲದ ಸಂಯುಕ್ತಗಳ ತೆಳು ಪದರಗಳಿಂದ ಬೆಳಕು ಬರಿಸಿದರು, ಅದು ಆ ವಂಶದ್ದು. ಯಾವ ಹಸಿರು ಬುಟ್ಟಿಗೂ ಸೇರದ ಆರ್ಗ್ಯಾನಿಕ್.

ಬೇರೆ ಭಾಷೆಯವರು ಈ ಜಗಳ ತಪ್ಪಿಸಿಕೊಂಡದ್ದು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಹಿಂದಿಯಲ್ಲಿ ರಸಾಯನ ‘ಕಾರ್ಬನಿಕ್’, ಬೇಸಾಯ ‘ಜೈವಿಕ್’. ತಮಿಳಿನಲ್ಲಿ ಕರಿ ಅಂದರೆ ಇದ್ದಿಲು, ಅದರಿಂದ ‘ಕರಿಮ’ ರಸಾಯನ. ಬೇಸಾಯಕ್ಕೆ ‘ಇಯರ್ಕೈ’, ಅಂದರೆ ಪ್ರಕೃತಿ. ಜರ್ಮನ್ನರು ತರಕಾರಿಗೆ ‘ಬಿಯೊ’ ಅಂದು ಮುಗಿಸುತ್ತಾರೆ, ಫ್ರೆಂಚರದ್ದೂ ‘ಬಿಯೊ’ನೇ. ನಾವು ಮತ್ತು ಮರಾಠಿಯವರಾದರೋ ಇಂಗ್ಲಿಷಿನ ಹಾಗೆ ಎರಡಕ್ಕೂ ಒಂದೇ ಪದ ಇಟ್ಟುಕೊಂಡು ಕೂತಿದ್ದೇವೆ. ಸಾವಯವ ಕೃಷಿ, ಸಾವಯವ ರಸಾಯನ. ಇದರಲ್ಲಿ ಕೃಷಿಗೇ ಪದ ಚೆನ್ನಾಗಿ ಒಪ್ಪುತ್ತದೆ ಅಂತ ನನ್ನ ಅಭಿಪ್ರಾಯ. ರಸಾಯನಕ್ಕೆ ‘ಇಂಗಾಲ ರಸಾಯನ’ ಅಂದಿದ್ದರೆ ಹೈಸ್ಕೂಲಿನಲ್ಲಿ ನಾನು ಮೀಥೇನಿನ ಕಾಲು ಹುಡುಕುವುದು ತಪ್ಪುತ್ತಿತ್ತು. ಇಂಗಾಲ ಅನ್ನುವುದು ಅಂಗಾರದ ತದ್ಭವ, ಕೆಂಡ ಇದ್ದಿಲುಗಳ ಪದ, ಎಷ್ಟು ಚೆಂದ ಇದೆ.

ಆದರೆ ಒಂದನ್ನು ಮಾತ್ರ ಬಿಟ್ಟುಕೊಡಲು ಮನಸ್ಸಿಲ್ಲ. ‘ನಿರವಯವ’. ಇನಾರ್ಗ್ಯಾನಿಕ್ ಅನ್ನುವುದಕ್ಕೆ ನಮ್ಮ ಪುಸ್ತಕಗಳು ಇಟ್ಟ ಪದ. ವೇದಾಂತದಲ್ಲಿ ನಿರವಯವ ಅಂದರೆ ಭಾಗಗಳೇ ಇಲ್ಲದ್ದು, ಒಡೆಯಲಾಗದ್ದು. ಬ್ರಹ್ಮಸೂತ್ರದಲ್ಲಿ ದೊಡ್ಡ ಚರ್ಚೆಯೇ ಇದೆ, ಬ್ರಹ್ಮ ನಿರವಯವವಾದರೆ ಅದು ಜಗತ್ತಾಗಿ ಪರಿಣಮಿಸುವುದು ಹೇಗೆ, ಪೂರ್ತಿ ಆಗುತ್ತದೋ ಅರ್ಧ ಆಗುತ್ತದೋ ಅಂತ. ಅದೇ ವಿಶೇಷಣ ಅಡುಗೆ ಉಪ್ಪಿಗೂ ಇದೆ, ಮೈಲುತುತ್ತಕ್ಕೂ ಇದೆ. ನನ್ನ ಕಪಾಟಿನ ಎರಡನೇ ಅರೆಯಲ್ಲಿ ಬ್ರಹ್ಮನ ವಿಶೇಷಣ ಹೊತ್ತ ಹದಿನಾಲ್ಕು ಬಾಟಲಿಗಳಿವೆ, ಎಲ್ಲಕ್ಕೂ ಅವಧಿ ಮುಗಿಯುವ ದಿನಾಂಕ ಬರೆದಿದೆ.

ಕ್ಯಾನಿನ ವಿಷಯ ಏನಾಯಿತು ಅಂದರೆ, ಹೊಸ ಲೇಬಲ್ ಬರೆದೆ. ‘ಬಳಸಿದ ದ್ರಾವಕ. ಕ್ಲೋರಿನ್ ಇಲ್ಲದ್ದು. ಬೆಂಕಿ ಹತ್ತುತ್ತದೆ’. ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಆ ಹುಡುಗಿಯನ್ನೇ ಕರೆದು ಓದಿಸಿದೆ.

“ದ್ರಾವಕ ಅಂದ್ರೆ?”

“ಕರಗಿಸೋದು. ನೀರಲ್ಲ, ಪೆಟ್ರೋಲ್ ತರದ್ದು.”

“ಹಂಗೆ ಬರೀಬಹುದಿತ್ತಲ್ಲ ಮೇಡಂ.”

ಸೇಫ್ಟಿಯವರು ಬಂದು ನೋಡಿದರು. ನಮ್ಮ ಕಾರ್ಯವಿಧಾನದ ದಾಖಲೆಯಲ್ಲಿ ‘ನಾನ್ ಹ್ಯಾಲೊಜಿನೇಟೆಡ್ ಆರ್ಗ್ಯಾನಿಕ್ ವೇಸ್ಟ್’ ಅಂತ ಇದೆ, ಕ್ಯಾನ್ ಒಯ್ಯುವವರ ಫಾರಂನಲ್ಲೂ ಹಾಗೇ ಇದೆ, ಆ ಪದ ಇಲ್ಲದಿದ್ದರೆ ಗೇಟಿನಿಂದ ಹೊರಗೆ ಹೋಗುವುದಿಲ್ಲ ಅಂದರು. ಹಾಗಾಗಿ ಕೆಳಗೆ ಸಣ್ಣಕ್ಷರದಲ್ಲಿ ಅದನ್ನೂ ಸೇರಿಸಿದೆ. ಅದರ ಪಕ್ಕ, ಯಾರನ್ನೂ ಕೇಳದೆ, ಒಂದು ಬಾಳೆಹಣ್ಣು ಬರೆದು ಮೇಲೆ ಕೆಂಪು ಗೀಟು ಎಳೆದೆ. ಚಿತ್ರ ಬರೆಯಲು ನನಗೆ ಬರುವುದಿಲ್ಲ. ಹೋದ ತಿಂಗಳು ಆಡಿಟ್‌ಗೆ ಬಂದವರು ಕ್ಯಾನಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿ, ಈ ಅರ್ಧಚಂದ್ರ ಯಾವ ಅಪಾಯದ ಚಿಹ್ನೆ ಅಂತ ಕೇಳಿದರು.